ಎಳೆಯುವ ಮೊದಲು ಅಗೆತ: ಈ ಮಳೆಗಾಲದ ಟಿಪ್ಪಣಿಗಳು

ಆರಿದ್ರಾ ಮಳೆ

ಕೆಸರಿನಲ್ಲಿ ಹೂತದ್ದು ಯಾರ ಗಾಡಿಯೇ ಆಗಲಿ, ಕರೆ ಬಂದರೆ ಹೋಗುವುದು, ದುಡ್ಡು ಮುಟ್ಟದಿರುವುದು. ಸಕಲೇಶಪುರ ತಾಲೂಕಿನ ಹೆತ್ತೂರು ಸುತ್ತಮುತ್ತಲಿನ ನಾವು ಐದು ಜನ ಈ ವರ್ಷ ಹೀಗೆ ಮಾತಾಡಿಕೊಂಡಿದ್ದೇವೆ. ಕೈಯಲ್ಲಿರುವುದು ಎರಡು ಹಳೆಯ ಜೀಪು, ಹಾರೆ, ಗುದ್ದಲಿ, ಚಕ್ರಕ್ಕೆ ಸುತ್ತುವ ಸರಪಳಿ, ಜೀಪಿಗೆ ಬಿಗಿದ ಒಂದು ವಿಂಚ್, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ಎಳೆಯುವ ಯಂತ್ರ. ವಿಂಚಿನ ಮೇಲೆ 9,500 ಪೌಂಡ್ ಎಂದು ಬರೆದಿದೆ, ಅಂದರೆ ಸುಮಾರು 4,300 ಕಿಲೋ. ಆದರೆ ಅಷ್ಟು ಬಲ ಸಿಗುವುದು ಡ್ರಮ್ಮಿನಲ್ಲಿ ಹಗ್ಗದ ಒಂದೇ ಪದರ ಉಳಿದಾಗ. ಪದರದ ಮೇಲೆ ಪದರ ಸುತ್ತಿದಂತೆ ಎಳೆತ ಕುಗ್ಗುತ್ತದೆ. ಆದ್ದರಿಂದ ಜೀಪನ್ನು ದೂರ ನಿಲ್ಲಿಸಿ ಎಳೆಯುವುದನ್ನು ರೂಢಿಸಿಕೊಳ್ಳುತ್ತಿದ್ದೇವೆ.

ಪುನರ್ವಸು

ಗೊಬ್ಬರ ಹೊತ್ತ ಪಿಕಪ್ ತೋಟದ ಏರಿನಲ್ಲಿ ಹೂತಿತ್ತು. ಹೋದವರೇ ಹಗ್ಗ ಕಟ್ಟಿ ಎಳೆದೆವು. ಅದು ಅಲುಗಲಿಲ್ಲ, ನಮ್ಮ ಜೀಪೇ ಕೆಳಕ್ಕೆ ಜಾರಿತು. ತೋಟದ ರೈಟರು ಬಗ್ಗಿ ನೋಡಿ, "ಹೊಟ್ಟೆ ನೆಲಕ್ಕೆ ಕೂತಿದೆ. ಮೊದಲು ಚೀಲ ಇಳಿಸಿ, ಅಡಿಯ ಮಣ್ಣು ತೆಗೆಯಿರಿ" ಎಂದರು. ಮುಕ್ಕಾಲು ಗಂಟೆ ಅಗೆದೆವು. ಆಕ್ಸಲ್ಲಿನ ಕೆಳಗೆ ಗಾಳಿ ಆಡಿದಾಗ ಕೆಸರು ಹಿಡಿತ ಬಿಟ್ಟ ಸದ್ದು ಕಿವಿಗೇ ಕೇಳಿಸಿತು. ಟಯರಿನ ಗಾಳಿಯನ್ನು 35ರಿಂದ 18 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದೆ ಕಲ್ಲು, ಸೊಪ್ಪು ತುಂಬಿದೆವು. ಒಂದೇ ಎಳೆತಕ್ಕೆ ಬಂತು. ಗಾಳಿ ಇಳಿದ ಟಯರು ಅಗಲವಾಗಿ, ಉದ್ದವಾಗಿ ನೆಲಕ್ಕೆ ಒರಗುತ್ತದೆ, ಅದರಿಂದಲೇ ಹಿಡಿತ. ಈಗ ನಮ್ಮ ಕ್ರಮ ಬದಲಾಗಿದೆ: ಮೊದಲು ಭಾರ ಇಳಿಸುವುದು, ಆಮೇಲೆ ಅಗೆಯುವುದು, ಗಾಳಿ ಬಿಡುವುದು, ಹಗ್ಗ ಕೊನೆಗೆ.

ಪುಷ್ಯ

ಒಬ್ಬರು ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಉಂಡೆಯಾಕಾರದ ಕೊಂಡಿಗೆ ಹಗ್ಗ ಹಾಕಲು ಹೊರಟಿದ್ದರು. ಓಡಿ ಹೋಗಿ ತಡೆದೆ. ಅದು ಉರುಳುವ ಟ್ರೇಲರನ್ನು ಎಳೆಯಲು ಇರುವುದು. ಹೂತ ಗಾಡಿಯ ಜಗ್ಗಾಟಕ್ಕೆ ಮುರಿದರೆ ಫಿರಂಗಿ ಗುಂಡಿನಂತೆ ಹಾರುತ್ತದೆ, ಜೀವ ತೆಗೆದಿದೆ. ಚಾಸಿಗೆ ಬೋಲ್ಟು ಹಾಕಿ ಬಿಗಿದ ಕೊಕ್ಕೆಗೇ ಕಟ್ಟಬೇಕು. ಬಿಗಿದ ಹಗ್ಗದ ಮೇಲೆ ಈಗ ತಪ್ಪದೆ ಒದ್ದೆ ಗೋಣಿಚೀಲ ಹೊದಿಸುತ್ತೇವೆ. ತುಂಡಾದರೆ ಅದರ ಭಾರಕ್ಕೆ ಹಗ್ಗ ನೆಲಕ್ಕೆ ಬೀಳಲಿ ಎಂದು. ಉಕ್ಕಿನ ಹಗ್ಗಕ್ಕೆ ಹಿಗ್ಗುವ ಗುಣವಿಲ್ಲ, ಅದನ್ನು ಓಡಿ ಬಂದು ಜಗ್ಗಲೇಬಾರದು. ಜಗ್ಗುವ ಕೆಲಸಕ್ಕೆ ಹಿಗ್ಗುವ ನೈಲಾನ್ ಹಗ್ಗವೇ ಬೇಕು. ನೋಡಲು ಬಂದ ಮಕ್ಕಳನ್ನು ದೂರ ಕಳಿಸಲು ನಮ್ಮಲ್ಲಿ ಒಬ್ಬರನ್ನು ಮೀಸಲಿಟ್ಟಿದ್ದೇವೆ. ನನ್ನ ಮಟ್ಟಿಗೆ ವಿಂಚ್ ಹಿಡಿಯುವವರಿಗಿಂತ ಅವರ ಕೆಲಸ ದೊಡ್ಡದು.

ಆಶ್ಲೇಷಾ

ರಾತ್ರಿ ಒಂಬತ್ತಕ್ಕೆ ಕರೆ. ಮೊಬೈಲಿನ ನಕ್ಷೆ ನಂಬಿ ತೋಟದ ದಾರಿಗೆ ಇಳಿದ ಕಾರು. ಒಳಗೆ ಇಬ್ಬರು ಮಕ್ಕಳು, ಗಾಜು ಏರಿಸಿ ಎಂಜಿನ್ ಚಾಲೂ ಇಟ್ಟಿದ್ದರು, ಸೈಲೆನ್ಸರ್ ಕೆಸರಿನಲ್ಲಿ ಮುಳುಗಿತ್ತು. ವಿಷದ ಹೊಗೆ ಒಳಗೆ ಸೇರುವ ಸ್ಥಿತಿ. ಬೇರೆಲ್ಲ ಬಿಟ್ಟು ಎಂಜಿನ್ ಆರಿಸಿ ಎಲ್ಲರನ್ನೂ ಕೆಳಗಿಳಿಸಿದೆವು. ಪಕ್ಕದಲ್ಲಿದ್ದ ಸಿಲ್ವರ್ ಓಕ್ ಬಿಟ್ಟು ಹಳೆಯ ಹಲಸಿನ ಮರ ಆರಿಸಿ, ತೊಗಟೆ ಕೊರೆಯದಂತೆ ಅಗಲ ಪಟ್ಟಿ ಸುತ್ತಿ ರಾಟೆ ಕಟ್ಟಿದೆವು. ಜೀಪಿನ ವಿಂಚಿನಿಂದ ಹೊರಟ ಹಗ್ಗ ಮರದ ರಾಟೆ ಸುತ್ತಿ ಕಾರಿಗೆ ಬಂದರೆ ದಿಕ್ಕು ಮಾತ್ರ ಬದಲಾಗುತ್ತದೆ. ರಾಟೆಯನ್ನು ಹೂತ ಗಾಡಿಗೇ ಸಿಕ್ಕಿಸಿ, ಹಗ್ಗದ ತುದಿಯನ್ನು ಮರಕ್ಕೆ ಕಟ್ಟಿದರೆ ಬಲ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಇದನ್ನು ಅಲ್ಲೇ ತಿದ್ದಿಕೊಂಡೆವು. ಹನ್ನೊಂದೂವರೆಗೆ ಕಾರು ಗಟ್ಟಿ ನೆಲ ಹತ್ತಿತು. ಇಂಬಳ ಕಚ್ಚಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಮೋಜಿಗೆಂದು ಗುಡ್ಡದ ಹುಲ್ಲುಗಾವಲಿಗೆ ಗಾಡಿ ಹತ್ತಿಸಿ ಹೂತವರೂ ಕರೆಯುತ್ತಾರೆ. ಹೋಗುತ್ತೇವೆ. ಆದರೆ ಅವರ ಚಕ್ರದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ ಎಂಬುದನ್ನು ಅಲ್ಲೇ ನಿಲ್ಲಿಸಿ ತೋರಿಸುತ್ತೇವೆ.

ಮರುದಿನ ಬೆಳಿಗ್ಗೆ ಹಲಸಿನ ಮರದ ಬಳಿಯ ಗುಂಡಿಗೆ ಕಲ್ಲು ತುಂಬಿ, ನೀರು ಹರಿಯಲು ಪಕ್ಕದಲ್ಲಿ ಚರಂಡಿ ಕಡಿದೆವು. ಅದೇ ದಾರಿಯಲ್ಲಿ ತೋಟದ ಆಳುಗಳು ನಡೆದು ಬರಬೇಕು. ಇನ್ನು ಎರಡನೆಯ ರಾಟೆಗೆ ಹಣ ಕೂಡಿಸುತ್ತಿದ್ದೇವೆ.