ಬಿ.ಪಿ. ಇರುವ ಮನೆಯಲ್ಲಿ ಇಷ್ಟೊಂದು ಉಪ್ಪಿನಕಾಯಿ ಯಾಕೆ?

‘ಮನಿಯವರಿಗೆ ಬಿ.ಪಿ. ಐತಿ ಅಂತೀರಿ, ಮತ್ತ ಇಷ್ಟ ಉಪ್ಪಿನಕಾಯಿ ಯಾಕ ಹಾಕ್ತೀರಿ ಅಕ್ಕೋರ?’ ಎಂಬ ಪ್ರಶ್ನೆಯನ್ನು ನಾನು ಧಾರವಾಡದ ಕಾಯಿಪಲ್ಯ ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಔಷಧದ ಅಂಗಡಿಯ ಮುಂದೆ, ಒಮ್ಮೆ ಹುಬ್ಬಳ್ಳಿಗೆ ಹೋಗುವ ಬಸ್ಸಿನ ಹಿಂದಿನ ಸೀಟಿನಿಂದಲೂ ಕೇಳಿಸಿಕೊಂಡಿದ್ದೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳಾದ್ದರಿಂದ, ಯಾರು ಏನು ಕೇಳಿದರೂ ಸಮಾಧಾನದಿಂದ ವಿವರಿಸುವುದು ನನ್ನ ಕರ್ತವ್ಯವೆಂದು ಓಣಿಯವರು ತಿಳಿದಂತಿದೆ. ಆ ಕರ್ತವ್ಯಕ್ಕೆ ಸಂಬಳ ಬರುತ್ತಿದ್ದ ಕಾಲ ಮುಗಿಯಿತು. ಈಗ ಬರುವ ಪಿಂಚಣಿ ಹಿಂದೆ ಮಾಡಿದ ಕೆಲಸಕ್ಕೇ ಹೊರತು ಮುಂದೆ ಕೇಳುವ ಪ್ರಶ್ನೆಗಳಿಗಲ್ಲ. ಆದಕಾರಣ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನು ಓದಿಕೊಳ್ಳಿರೆಂದು ಹೇಳಿ ನನ್ನ ಕೆಲಸಕ್ಕೆ ಹೋಗುತ್ತೇನೆ.

ಉತ್ತರ ಇಷ್ಟೇ ಇದೆ. ಹಾಕಿದ್ದನ್ನೆಲ್ಲ ನಾವಿಬ್ಬರೇ ತಿನ್ನುವುದಿಲ್ಲ. ತಿನ್ನುವಷ್ಟನ್ನು ಲೆಕ್ಕವಿಟ್ಟು ತಿನ್ನುತ್ತೇವೆ. ಇದರಿಂದ ಸಮಾಧಾನವಾದವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ, ಈ ಪ್ರಶ್ನೆಯನ್ನು ಕೇಳುವ ರೀತಿ ನನ್ನನ್ನು ಯಾಕೆ ಕೆಣಕುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯವರ ಅಣ್ಣನ ಸೊಸೆ ಹುಬ್ಬಳ್ಳಿಯಿಂದ ಬಂದಿದ್ದಳು. ಬರಿಗೈಯಲ್ಲಿ ಬರುವವಳಲ್ಲ, ದಾರಿಯಲ್ಲಿ ಚುರಮುರಿಯ ಗಿರ್ಮಿಟ್ಟು, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದಳು. ಮಿರ್ಚಿ ಸುತ್ತಿದ್ದ ಪೇಪರು ಎಣ್ಣೆ ಕುಡಿದು, ಒಳಗಿನ ಮೆಣಸಿನಕಾಯಿಯ ತೊಟ್ಟು ಹೊರಗಿನಿಂದಲೇ ಕಾಣುತ್ತಿತ್ತು. ನಾನು ಚಹಾಕ್ಕೆ ಇಡುವಷ್ಟರಲ್ಲಿ ಅವಳು ಕಪಾಟಿನ ಬಾಗಿಲು ತೆರೆದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸಾಲಾಗಿ ನಿಲ್ಲಿಸಿದ್ದ ಭರಣಿಗಳನ್ನು ಬೆರಳು ಮಾಡಿ ಎಣಿಸತೊಡಗಿದಳು. ಎಣಿಸಿ ಮುಗಿಸಿದವಳು ಎರಡನೆಯ ಮಿರ್ಚಿಯನ್ನು ನಮ್ಮ ಮನೆಯವರ ತಟ್ಟೆಗೆ ಹಾಕುತ್ತ, ‘ಕಾಕು, ಸೈನ್ಸ್ ಕಲಿಸಿದವ್ರು ನೀವು, ನಿಮಗ ನಾವೇನು ಹೇಳೂದು? ಕಾಕಾರಿಗೆ ಬಿ.ಪಿ. ಇದ್ದಾಗ ಮನ್ಯಾಗ ಇವನ್ನೆಲ್ಲಾ ಇಡಬಾರದ್ರೀ’ ಎಂದಳು. ಬಿ.ಪಿ. ಇರುವ ಕಾಕಾ ಈ ಚರ್ಚೆಯಲ್ಲಿ ಯಾರ ಪಕ್ಷವನ್ನೂ ವಹಿಸದೆ, ‘ಆರತಾವ, ಮೊದಲ ತಿನ್ರಿ’ ಎಂದು ಹೇಳಿ ತಮ್ಮ ಪಾಲನ್ನು ಮುಗಿಸಿದರು.

ಕಡಲೆಹಿಟ್ಟಿನಲ್ಲಿ ಉಪ್ಪು, ಹಿಟ್ಟು ಉಬ್ಬಲೆಂದು ಹಾಕಿದ ಸೋಡಾದಲ್ಲಿ ಉಪ್ಪಿನಲ್ಲಿರುವ, ಬಿ.ಪಿ. ಏರಿಸುವ ಅದೇ ಸೋಡಿಯಂ, ಗಿರ್ಮಿಟ್ಟಿನ ಒಗ್ಗರಣೆಯಲ್ಲಿ ಮತ್ತೆ ಉಪ್ಪು, ಅದರ ಮೇಲೆ ಉದುರಿಸಿದ ಸೇವಿನಲ್ಲಿ ಇನ್ನಷ್ಟು ಉಪ್ಪು. ಇವು ಯಾವುವೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರಿನಲ್ಲಿಯೇ ಉಪ್ಪನ್ನು ಇಟ್ಟುಕೊಂಡ ಪಾಪಕ್ಕೆ ಉಪ್ಪಿನಕಾಯಿಯೊಂದೇ ಸಿಕ್ಕಿಬೀಳುತ್ತದೆ. ನಾನು ಮಿರ್ಚಿಯ ವೈರಿಯಲ್ಲ, ಆ ದಿನ ನಾನೂ ತಿಂದೆ. ಆದರೆ ಮಿರ್ಚಿ ಹಿಡಿದ ಕೈಯಿಂದ ಭರಣಿಯತ್ತ ಬೆರಳು ಮಾಡಿದರೆ ಸುಮ್ಮನಿರುವಷ್ಟು ಒಳ್ಳೆಯತನ ನನ್ನಲ್ಲಿ ಉಳಿದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಉಪ್ಪಿನಲ್ಲಿ ಸುಮಾರು 2 ಗ್ರಾಂ ಸೋಡಿಯಂ ಇರುತ್ತದೆ. ಅಳತೆಗೆ ಒಂದು ಸಣ್ಣ ಚಮಚವಾಗುತ್ತದೆ. ನಾನು 1 ಕಿಲೋ ಮಾವಿನಕಾಯಿ ಹೋಳುಗಳಿಗೆ 200 ಗ್ರಾಂ ಉಪ್ಪು, 80 ಗ್ರಾಂ ಖಾರದ ಪುಡಿ, 50 ಗ್ರಾಂ ಸಾಸಿವೆ ಪುಡಿ, ಮೆಂತ್ಯ ಮತ್ತು ಇಂಗು ಸೇರಿದ ಒಗ್ಗರಣೆಯ ಎಣ್ಣೆ 230 ಗ್ರಾಮಿನಷ್ಟು ಹಾಕುತ್ತೇನೆ. ಒಟ್ಟು 1,560 ಗ್ರಾಂ ಆಗುತ್ತದೆ, ಅದರಲ್ಲಿ ಉಪ್ಪು ನೂರಕ್ಕೆ ಹದಿಮೂರರಷ್ಟು. ಎಂದರೆ 10 ಗ್ರಾಂ ತೂಗುವ ಒಂದು ಹೋಳಿನೊಡನೆ ಸುಮಾರು 1.3 ಗ್ರಾಂ ಉಪ್ಪು ಹೊಟ್ಟೆಗೆ ಹೋಗುತ್ತದೆ. ಅದು ಇಡೀ ದಿನದ ಪಾಲಿನ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಆಯಿತು. ಇದು ಕಡಿಮೆಯೆಂದು ನಾನು ಎಂದೂ ವಾದಿಸಿಲ್ಲ. ಅದಕ್ಕಾಗಿಯೇ ನಮ್ಮ ಮನೆಯವರಿಗೆ ಸಿಗುವುದು ಅರ್ಧ ಹೋಳು, ಅದೂ ಮಧ್ಯಾಹ್ನದ ಊಟಕ್ಕೆ ಮಾತ್ರ, ಅದೂ ಪಲ್ಯವನ್ನು ಸಪ್ಪಗೆ ಮಾಡಿದ ದಿನ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವುದಿಲ್ಲ, ಮೊಸರಿಗೂ ಹಾಕುವುದಿಲ್ಲ. ಸಪ್ಪನೆಯ ಎರಡು ರೊಟ್ಟಿ, ಸಪ್ಪನೆಯ ಕಾಳುಪಲ್ಯ, ಮೊಸರು, ಹಸಿ ಸೌತೆಕಾಯಿ ಇಷ್ಟನ್ನು ಮುಖ ಸಿಂಡರಿಸದೆ ಉಣ್ಣಲು ಆ ಅರ್ಧ ಹೋಳು ಬೇಕು. ಅದನ್ನು ಕಿತ್ತುಕೊಂಡರೆ ಅವರು ಪಲ್ಯಕ್ಕೆ ಮೇಲಿನಿಂದ ಉಪ್ಪು ಉದುರಿಸಿಕೊಳ್ಳುತ್ತಾರೆ. ಉದುರಿಸಿಕೊಂಡ ಉಪ್ಪಿಗೆ ಲೆಕ್ಕ ಸಿಗುವುದಿಲ್ಲ.

ಇದನ್ನು ಕೇಳಿದವರಲ್ಲಿ ಜಾಣರಾದವರು, ‘ಹಾಗಾದರೆ ಉಪ್ಪು ಅರ್ಧಕ್ಕೆ ಇಳಿಸಿ ಉಪ್ಪಿನಕಾಯಿ ಹಾಕಿರಿ’ ಎಂದು ಸಲಹೆ ಕೊಡುತ್ತಾರೆ. ಇದು ಪ್ರಶ್ನೆಗಿಂತ ಕೆಟ್ಟದ್ದು. ವರ್ಷವಿಡೀ ಹೊರಗೆ ಇಡುವ ಭರಣಿಯಲ್ಲಿ ಉಪ್ಪು ರುಚಿಗಾಗಿ ಇರುವುದಿಲ್ಲ, ಕಾವಲಿಗೆ ಇರುತ್ತದೆ. ಅದನ್ನು ಇಳಿಸಿದರೆ ಜೂನ್ ತಿಂಗಳಿನ ತಂಪಿಗೆ ಮೇಲೆ ಬೂಷ್ಟು ಬಂದು ಕೂರುತ್ತದೆ. ಭರಣಿಯಲ್ಲಿ ಉಪ್ಪು ಪೂರ್ತಿ ಇರಲಿ, ಕಡಿಮೆಯಾಗಬೇಕಾದದ್ದು ತಟ್ಟೆಯಲ್ಲಿ. ಉಪ್ಪು ಕಡಿಮೆಯಿರುವ ಉಪ್ಪಿನಕಾಯಿಯೇ ಬೇಕೆನ್ನುವವರು ಸ್ವಲ್ಪವೇ ಹಾಕಿಕೊಂಡು, ಫ್ರಿಜ್ಜಿನಲ್ಲಿಟ್ಟು, ಒಂದೆರಡು ವಾರದಲ್ಲಿ ಮುಗಿಸಬೇಕು. ಇನ್ನು ಕೆಲವರು ಸೋಡಿಯಂ ಕಡಿಮೆಯಿರುವ ಉಪ್ಪಿನ ಪ್ಯಾಕೆಟ್ಟನ್ನು ತಂದು ಕೈಗೆ ಕೊಡುತ್ತಾರೆ. ಅದರಲ್ಲಿ ಸೋಡಿಯಮ್ಮಿನ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ಪೊಟ್ಯಾಸಿಯಂ ಹೆಚ್ಚಾಗುವುದು ಅಪಾಯ, ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಅದನ್ನು ದೇಹದಲ್ಲಿ ಏರಿಸುತ್ತವೆ. ಡಾಕ್ಟರನ್ನು ಕೇಳದೆ ಅಂತಹ ಉಪ್ಪನ್ನು ನಮ್ಮ ಮನೆಯೊಳಗೆ ಬಿಡುವುದಿಲ್ಲ.

ಇಷ್ಟು ಜನರ ಪೈಕಿ ಒಬ್ಬರಾದರೂ ಕಪಾಟಿನ ಮುಂದೆ ನಿಂತು, ‘ಇದು ಯಾಕೆ ಕೆಡುವುದಿಲ್ಲ?’ ಎಂದು ಕೇಳಬಹುದಿತ್ತು. ಹಾಲು ಒಂದು ದಿನಕ್ಕೆ, ಅನ್ನ ಒಂದು ರಾತ್ರಿಗೆ ಕೆಡುವ ಅದೇ ಅಡುಗೆಮನೆಯಲ್ಲಿ ಮಾವಿನಕಾಯಿಯ ಹೋಳು ಮುಂದಿನ ಯುಗಾದಿಯವರೆಗೆ ಹೇಗೆ ನಿಲ್ಲುತ್ತದೆ? ಎಂಟನೆಯ ಇಯತ್ತೆಯ ಹುಡುಗರು ಕೇಳುತ್ತಿದ್ದರು, ದೊಡ್ಡವರು ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಪೇಟೆಗೆ ಬರುವ ಜವಾರಿ ಮಾವಿನಕಾಯಿಯೇ ಇದಕ್ಕೆ ಬೇಕು. ಧಾರವಾಡದ ಸುತ್ತ ಆಪೂಸಿನ ತೋಟಗಳು ಬೇಕಾದಷ್ಟಿವೆ, ಆದರೆ ಆಪೂಸು ಹಣ್ಣಾಗಲು ಹುಟ್ಟಿದ ಕಾಯಿ, ಅದನ್ನು ಬಿಟ್ಟುಬಿಡಬೇಕು. ಗೊರಟೆ ಬಲಿತಿರಬೇಕು, ಒಳಗಿನ ತಿರುಳು ಬೆಳ್ಳಗೆ ಬಿಗಿಯಾಗಿರಬೇಕು, ಕಚ್ಚಿದರೆ ಕಣ್ಣು ತಾನಾಗಿ ಮುಚ್ಚಬೇಕು. ತೊಳೆದು, ಒರೆಸಿ, ಹೆಚ್ಚಿ, ಉಪ್ಪು ಬೆರೆಸಿಟ್ಟರೆ ಮರುದಿನಕ್ಕೆ ಹೋಳುಗಳು ತಮ್ಮದೇ ನೀರಿನಲ್ಲಿ ಮುಳುಗಿರುತ್ತವೆ. ಒಂದು ಹನಿ ನೀರು ಹಾಕಿಲ್ಲ. ಉಪ್ಪು ಜೀವಕೋಶಗಳಿಂದ ನೀರನ್ನು ಹೊರಗೆ ಎಳೆದಿದೆ. ಮಾವಿನ ಜೀವಕೋಶಕ್ಕೆ ಏನಾಯಿತೋ ಅದರೊಳಗೆ ಬಿದ್ದ ಬ್ಯಾಕ್ಟೀರಿಯಾಕ್ಕೂ ಅದೇ ಆಗುತ್ತದೆ, ಮೈಯೊಳಗಿನ ನೀರು ಕಳೆದುಕೊಂಡು ಬೆಳೆಯದೆ ಉಳಿಯುತ್ತದೆ. ಅದರ ಜೊತೆಗೆ ಕಾಯಿಯ ಹುಳಿ ನಿಲ್ಲುತ್ತದೆ. ಹುಳಿಯನ್ನು ಅಳೆಯುವ ಅಂಕಿಗೆ ಪಿ.ಎಚ್. ಎನ್ನುತ್ತಾರೆ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಅದು 4.6ಕ್ಕಿಂತ ಕೆಳಗಿದ್ದರೆ, ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಮಾಡುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹುಳಿ ಮಾವಿನಕಾಯಿ, ನಿಂಬೆಹಣ್ಣು ಎರಡೂ ಆ ಗೆರೆಗಿಂತ ಬಹಳ ಕೆಳಗಿವೆ.

ಎಣ್ಣೆಯ ಬಗ್ಗೆ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಎಣ್ಣೆ ಮುಳುಗುವಷ್ಟು ಹಾಕಿದರೆ ಯಾವುದೂ ಕೆಡುವುದಿಲ್ಲವೆಂದು ಹೇಳುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಎಣ್ಣೆ ಮಾಡುವುದು ಗಾಳಿಯನ್ನು ತಡೆಯುವ ಕೆಲಸ ಮಾತ್ರ. ಬೂಷ್ಟಿಗೆ ಗಾಳಿ ಬೇಕು, ಅದು ಸಿಗದಂತೆ ಎಣ್ಣೆಯ ಪದರು ಮುಚ್ಚುತ್ತದೆ. ಆದರೆ ಕ್ಲಾಸ್ಟ್ರಿಡಿಯಮ್ಮಿಗೆ ಗಾಳಿಯಿಲ್ಲದ ಜಾಗವೇ ಪ್ರಿಯ. ಬೆಳ್ಳುಳ್ಳಿಯನ್ನು ಸುಲಿದು, ಹುಳಿಯಿಲ್ಲದೆ ಬರಿಯ ಎಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಇಡುವವರಿಗೆ ನಾನು ಕೈಮುಗಿದು ಹೇಳುತ್ತೇನೆ: ನಿಂಬೆರಸ ಹಿಂಡಿ ಉಪ್ಪಿನೊಡನೆ ಉಪ್ಪಿನಕಾಯಿಯನ್ನೇ ಹಾಕಿರಿ, ಇಲ್ಲವೇ ಅಂದಂದಿಗೆ ಸುಲಿದುಕೊಳ್ಳಿರಿ.

ಕೆಂಪು ಮೆಣಸಿನಕಾಯಿಯ ರಂಜಕಕ್ಕೂ ಇದೇ ನಿಯಮ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಆ ಸೀಮೆಯದೇ ವಿಶೇಷ ಬೆಳೆಯೆಂದು ಹೇಳುವ ಭೌಗೋಳಿಕ ಗುರುತು (ಜಿ.ಐ.) ಸಿಕ್ಕಿತು. ಬಣ್ಣ ಬಹಳ, ಖಾರ ಕಡಿಮೆ ಎಂಬುದೇ ಅದರ ಹೆಚ್ಚುಗಾರಿಕೆ. ಚಳಿಗಾಲದ ಕೊನೆಗೆ ಹಣ್ಣಾದ ಹಸಿ ಕಾಯಿ ಸಿಕ್ಕಾಗ ಉಪ್ಪು, ಮೆಂತ್ಯ, ಇಂಗು ಕೂಡಿಸಿ ರುಬ್ಬುತ್ತೇನೆ. ಆದರೆ ಮೆಣಸಿನಕಾಯಿಗೆ ಮಾವಿನ ಹುಳಿಯಿಲ್ಲ, ಅದಕ್ಕೇ ನಿಂಬೆರಸ ಧಾರಾಳವಾಗಿ ಬೀಳಬೇಕು. ರುಚಿಗೆ ಹುಳಿ ಸಾಕು ಎನಿಸಿದ ಮೇಲೂ ನಾನು ಇನ್ನೆರಡು ನಿಂಬೆ ಹಿಂಡುವುದನ್ನು ನೋಡಿ ನಮ್ಮ ಮನೆಯವರು ಪ್ರತಿ ವರ್ಷವೂ ತಕರಾರು ತೆಗೆಯುತ್ತಾರೆ, ಪ್ರತಿ ವರ್ಷವೂ ರೊಟ್ಟಿಗೆ ಬೆಣ್ಣೆಯೊಡನೆ ಅದನ್ನೇ ಹಚ್ಚಿಕೊಳ್ಳುತ್ತಾರೆ.

ಗುಳಂಬದ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದು ನನಗೆ ಆಶ್ಚರ್ಯ. ತುರಿದ ಮಾವಿನಕಾಯಿಯನ್ನು ಬೆಲ್ಲದೊಡನೆ ಕುದಿಸಿ ಗಟ್ಟಿಯಾಗಿಸಿದ ಅದು ಕೆಡದಿರುವುದು ಸಕ್ಕರೆಯ ಅಂಶದಿಂದ. ಉಪ್ಪು ಎಳೆದಂತೆ ಸಕ್ಕರೆಯೂ ನೀರನ್ನು ಎಳೆದು ಹಿಡಿದಿಡುತ್ತದೆ. ಸಕ್ಕರೆ ಕಾಯಿಲೆಯವರು ‘ಬೆಲ್ಲದ್ದಲ್ಲೇನ್ರಿ, ಏನಾಗೂದಿಲ್ಲ’ ಎನ್ನುತ್ತ ಚಪಾತಿಗೆ ಎರಡು ಚಮಚ ಹಾಕಿಕೊಂಡು, ಅದೇ ಬಾಯಿಂದ ನನ್ನ ಉಪ್ಪಿನ ವಿಚಾರ ತೆಗೆಯುತ್ತಾರೆ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸಕ್ಕರೆಯೇ.

ಪುಡಿಚಟ್ನಿಗಳಲ್ಲಿ ಶೇಂಗಾ ಹಿಂಡಿಯ ವಿಷಯದಲ್ಲಿ ಮಾತ್ರ ನಾನು ಕಟುವಾಗಿದ್ದೇನೆ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಅದು ಯಕೃತ್ತಿಗೆ ಕೆಡುಕು, ಮತ್ತು ಹುರಿದರೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮೊರದಲ್ಲಿ ಹರವಿಕೊಂಡು, ಸುಕ್ಕುಗಟ್ಟಿದ, ಕಪ್ಪಾದ, ಹಸಿರು ಬೂಷ್ಟಿನ ಕಾಳುಗಳನ್ನು ಆರಿಸಿ ಎಸೆಯಬೇಕು. ಕಹಿ ಕಾಳು ಬಾಯಿಗೆ ಸಿಕ್ಕರೆ ಉಗುಳಬೇಕೆಂದು ಮನೆಯಲ್ಲಿ ನಿಯಮವಿದೆ. ಆರಿಸುವ ಕೆಲಸ ನಮ್ಮ ಮನೆಯವರದು. ಕನ್ನಡಕ ಹಾಕಿಕೊಂಡು, ರೇಡಿಯೋ ಹಚ್ಚಿಕೊಂಡು, ಸರಕಾರಿ ಕಡತವನ್ನು ತನಿಖೆ ಮಾಡುವವರ ಗಾಂಭೀರ್ಯದಿಂದ ಕೂರುತ್ತಾರೆ. ಅಗಸಿ, ಗುರೆಳ್ಳಿಗೆ ಇಷ್ಟು ಕಾಟವಿಲ್ಲ. ಆದರೆ ಅಗಸಿ ಹಿಂಡಿ ಬೇಗ ಕಮಟುತ್ತದೆ, ಸ್ವಲ್ಪ ಸ್ವಲ್ಪವೇ ಕುಟ್ಟಿಕೊಳ್ಳಬೇಕು.

‘ಇಷ್ಟು ದುಡಿದರೆ ಈ ವಯಸ್ಸಿನಲ್ಲಿ ಆರೋಗ್ಯ ಕೆಡುವುದಿಲ್ಲವೇ’ ಎಂಬುದು ಮೂಲ ಪ್ರಶ್ನೆಯ ಬಾಲ. ಬೇಸಿಗೆಯಲ್ಲಿ ಸಂಡಿಗೆ, ಕುರಡಿಗೆ, ಬಾಳಕದ ಮೆಣಸಿನಕಾಯಿ ಇವುಗಳಿಗಾಗಿ ದಿನಕ್ಕೆ ಹಲವು ಸಲ ಮಾಳಿಗೆ ಹತ್ತಿ ಇಳಿಯುತ್ತೇನೆ. ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆಗೆ ಇಬ್ಬರೂ ನಡೆದು ಬರುತ್ತೇವೆ. ಅರವತ್ತೈದು ದಾಟಿದವರು ವಾರಕ್ಕೆ 150 ನಿಮಿಷ ನಡಿಗೆಯಂತಹ ವ್ಯಾಯಾಮ ಮಾಡುವುದರ ಜೊತೆಗೆ, ಬೀಳದಂತೆ ಮೈಯ ಸಮತೋಲ ಕಾಯುವ ವ್ಯಾಯಾಮವನ್ನೂ ಮಾಡಬೇಕೆಂದು ಆರೋಗ್ಯ ತಜ್ಞರು ಹೇಳುತ್ತಾರೆ. ಸಂಡಿಗೆಯ ಹಾಳೆ ಹಿಡಿದು, ಕಾಗೆ ಓಡಿಸುತ್ತ, ಒಂದು ಕೈಯಿಂದ ಸೀರೆಯ ನೆರಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುವವಳಿಗೆ ಸಮತೋಲದ ಪಾಠ ಬೇರೆ ಬೇಕಿಲ್ಲವೆಂದು ನನ್ನ ವಾದ. ನಮ್ಮ ಡಾಕ್ಟರು ಒಪ್ಪಿಲ್ಲ, ಕಟಾಂಜನ ಹಿಡಿದುಕೊಂಡೇ ಹತ್ತಬೇಕೆಂದು ಹೇಳಿದ್ದಾರೆ. ಹಿಡಿದುಕೊಳ್ಳುತ್ತೇನೆ. ಸಂಡಿಗೆ, ಹಪ್ಪಳಗಳಲ್ಲಿಯೂ ಉಪ್ಪಿದೆ. ಕರಿದರೆ ಎಣ್ಣೆಯೂ ಸೇರುತ್ತದೆ. ನಮಗಿಬ್ಬರಿಗೆ ಅವು ಹಬ್ಬದ ದಿನಕ್ಕೆ ಮಾತ್ರ.

ಹಾಗಾದರೆ ಉಳಿದದ್ದೆಲ್ಲ ಯಾರಿಗೆ? ಪುಣೆಯಲ್ಲಿರುವ ಮಗನಿಗೆ ಒಂದು ಪಾಲು, ಗದಗದಲ್ಲಿರುವ ತಂಗಿಗೆ ಒಂದು. ಅಲ್ಲಿಯ ಒಣ ಬಿಸಿಲಿನಲ್ಲಿ ಒಣಗಿದ ಕುರಡಿಗೆಯನ್ನು ಅವಳು ನನಗೆ ಕಳಿಸುತ್ತಾಳೆ, ನಾನು ಉಪ್ಪಿನಕಾಯಿ ಕಳಿಸುತ್ತೇನೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ಸಪ್ತಾಪುರದ ಕಡೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ, ನಮ್ಮ ಪರಿಚಯದವರ ಮಕ್ಕಳಿಗೆ ಹೋಗುತ್ತದೆ. ಊರಿನಿಂದ ಬರುವ ಬುತ್ತಿಯ ಕಟಕ್ ರೊಟ್ಟಿಗೆ ಅವರಿಗೆ ಏನಾದರೂ ಬೇಕಲ್ಲ. ಆ ಹುಡುಗರಿಗೆ ಬಿ.ಪಿ. ಇಲ್ಲ, ಫಲಿತಾಂಶ ಬರುವ ದಿನದ ಮಾತು ಬೇರೆ. ಕೊಡುವುದಕ್ಕೆ ನನ್ನ ಷರತ್ತುಗಳಿವೆ: ಗಾಜಿನ ಬಾಟಲಿಯೇ ಆಗಬೇಕು, ತೊಳೆದು ಬಿಸಿಲಿಗೆ ಒಣಗಿಸಿರಬೇಕು, ಒಣ ಚಮಚದಿಂದ ಮಾತ್ರ ತೆಗೆಯಬೇಕು, ತಟ್ಟೆಗೆ ಹಾಕಿಕೊಂಡದ್ದನ್ನು ತಿರುಗಿ ಬಾಟಲಿಗೆ ಹಾಕಬಾರದು. ನಾನು ಬಾಟಲಿಯ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸಿ ನೋಡುತ್ತೇನೆ. ಹಸಿ ಇದ್ದರೆ ಹುಡುಗ ಎಷ್ಟೇ ಹಸಿದಿದ್ದರೂ ಬಾಟಲಿ ಬರಿದಾಗಿಯೇ ವಾಪಸು ಹೋಗುತ್ತದೆ. ಅವನು ಊಟ ಮಾಡಿಕೊಂಡು ಹೋಗಬಹುದು.