ಒಂದರ ಮೇಲೊಂದು ಬೀಳುವ ಚಿತ್ರಭಾಗಗಳ ನಕಲು

ನಾನು ಬಿಡುವಿನಲ್ಲಿ ಬರೆಯುತ್ತಿರುವ ಪುಟ್ಟ ಪಠ್ಯವೀಕ್ಷಕದಲ್ಲಿ ಕಳೆದ ತಿಂಗಳು ಒಂದು ದೋಷ ಕಾಣಿಸಿಕೊಂಡಿತು. ಚಿತ್ರ ಮೇಲಕ್ಕೆ ಸರಿಯುವಾಗ ಎಲ್ಲವೂ ಸರಿಯಾಗಿತ್ತು. 20 ಸಾಲು ಕೆಳಕ್ಕೆ ಸರಿಸಿದೊಡನೆ, ಮೇಲಿನ 20 ಪಿಕ್ಸೆಲ್ ಸಾಲುಗಳಲ್ಲಿದ್ದ ಅಕ್ಷರಗಳೇ 1080 ಸಾಲುಗಳ ಪರದೆಯ ತಳದವರೆಗೆ 54 ಸಲ ಮೂಡಿದವು.

ಕಾರಣ ಸರಳ. ಮೇಲಿನಿಂದ ನಕಲಿಸುತ್ತ ಬಂದ ನನ್ನ ಲೂಪ್ (ಸಾಲುಸಾಲಿಗೂ ಅದೇ ಕೆಲಸವನ್ನು ಮರುಕಳಿಸುವ ಪ್ರೋಗ್ರಾಂ ಭಾಗ), ಇನ್ನೂ ಓದದ ಸಾಲುಗಳ ಮೇಲೆಯೇ ಬರೆದುಬಿಡುತ್ತಿತ್ತು. ಊಟದ ಪಂಕ್ತಿಯಲ್ಲಿ ಎಲ್ಲರೂ ಒಂದೊಂದು ಎಲೆ ಬಲಕ್ಕೆ ಸರಿಯಬೇಕಾದರೆ ಬಲತುದಿಯವರೇ ಮೊದಲು ಏಳಬೇಕು. ಇಲ್ಲಿಯೂ ಚಿತ್ರ ಕೆಳಕ್ಕೆ ಸರಿಯುವುದಾದರೆ ಕೊನೆಯ ಸಾಲಿನಿಂದಲೇ ಆರಂಭಿಸಬೇಕು. ಇದು ಹಳೆಯ ತಿಳಿವಳಿಕೆ: 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಡ್ಯಾನ್ ಇಂಗಾಲ್ಸ್ ರೂಪಿಸಿದ, ಚಿತ್ರಭಾಗಗಳನ್ನು ನಕಲಿಸುವ ಬಿಟ್‌ಬ್ಲಿಟ್ ಎಂಬ ಕ್ರಿಯೆ ಸ್ಮಾಲ್‌ಟಾಕ್-80 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಕಲಿಗೆ ಮೊದಲೇ ಮೂಲ ಮತ್ತು ಗುರಿ ಪ್ರದೇಶಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂದು ಪರೀಕ್ಷಿಸಿ ದಿಕ್ಕನ್ನು ನಿರ್ಧರಿಸುತ್ತದೆ.

ಹೆಚ್ಚಿನವರು ಗಮನಿಸದ ಒಂದು ಅನುಕೂಲ ಇಲ್ಲಿದೆ. ಚಿತ್ರ ಒಂದು ಸಾಲಿನಷ್ಟಾದರೂ ಮೇಲೆ ಅಥವಾ ಕೆಳಗೆ ಸರಿಯುವುದಿದ್ದರೆ, ಓದುವ ಸಾಲು ಮತ್ತು ಬರೆಯುವ ಸಾಲು ಮೆಮೊರಿಯಲ್ಲಿ ಬೇರೆ ಬೇರೆಯೇ ಆಗಿರುವುದರಿಂದ, ಸಾಲುಗಳ ಕ್ರಮ ಸರಿಯಿದ್ದರೆ ಸಾಲಿನೊಳಗೆ ಸಾಮಾನ್ಯ ಮೆಮ್‌ಕಾಪಿ (ಮೂಲ ಮತ್ತು ಗುರಿ ಬೇರೆಯಾಗಿವೆ ಎಂದೇ ನಂಬಿ ನಕಲಿಸುವ ಸಿ ಭಾಷೆಯ ಫಂಕ್ಷನ್) ಸಾಕು. ಶುದ್ಧ ಅಡ್ಡ ಚಲನೆಯಲ್ಲಿ ಮಾತ್ರ, ಒಂದರ ಮೇಲೊಂದು ಬಿದ್ದರೂ ಸರಿಯಾಗಿ ನಕಲಿಸುವ ಮೆಮ್‌ಮೂವ್ ಬೇಕು. ಕ್ರಮ ತಿರುಗಿಸಲು ಎರಡನೆಯ ಲೂಪ್ ಬರೆಯುವ ಅಗತ್ಯವೂ ಇಲ್ಲ: ಓದುವ ಮತ್ತು ಬರೆಯುವ ಜಾಗಗಳನ್ನು ಸೂಚಿಸುವ ಎರಡೂ ಪಾಯಿಂಟರ್‌ಗಳನ್ನು ಕೊನೆಯ ಸಾಲಿಗೆ ಒಯ್ದು, ಸ್ಟ್ರೈಡ್‌ನ (ಒಂದು ಸಾಲಿನ ಆರಂಭದಿಂದ ಮುಂದಿನದಕ್ಕಿರುವ ಬೈಟುಗಳ ಅಂತರ) ಚಿಹ್ನೆಯನ್ನು ಋಣವಾಗಿಸಿದರೆ ಅದೇ ಲೂಪ್ ಹಿಂದುಮುಂದಾಗಿ ನಡೆಯುತ್ತದೆ.

ತಾತ್ಕಾಲಿಕ ಬಫರಿಗೆ (ಮೆಮೊರಿಯ ಬೇರೊಂದು ಜಾಗಕ್ಕೆ) ಒಮ್ಮೆ ನಕಲಿಸಿ ಅಲ್ಲಿಂದ ಮರಳಿ ತರುವುದು ಸುರಕ್ಷಿತವೇನೋ ಹೌದು, ಆದರೆ ಅದನ್ನೇ ರೂಢಿ ಮಾಡಿಕೊಳ್ಳುವುದು ನನಗೆ ಸೋಮಾರಿತನವೆನಿಸುತ್ತದೆ. 1920 ಪಿಕ್ಸೆಲ್ ಅಗಲದಲ್ಲಿ, ಪಿಕ್ಸೆಲ್‌ಗೆ 4 ಬೈಟಿನಂತೆ, ಸರಿಸಬೇಕಾದ 1060 ಸಾಲುಗಳೆಂದರೆ 81,40,800 ಬೈಟು. ಪ್ರತಿ ಚೌಕಟ್ಟಿಗೂ (ಪರದೆ ಒಮ್ಮೆ ತೋರಿಸುವ ಪೂರ್ಣ ಚಿತ್ರಕ್ಕೂ) ಅದನ್ನು ಎರಡು ಸಲ ಹೊರಬೇಕು.

ಚಿತ್ರಗಳಿಗೆಂದೇ ಇರುವ ಸಂಸ್ಕಾರಕವಾದ ಜಿಪಿಯುನಲ್ಲಿ ಮಾತ್ರ ಸಾಲುಗಳ ಕ್ರಮದ ಈ ಉಪಾಯ ಕೈಕೊಡುತ್ತದೆ. ಸಾವಿರಾರು ಪಿಕ್ಸೆಲ್‌ಗಳು ಏಕಕಾಲಕ್ಕೆ ನಡೆಯುವಲ್ಲಿ ಮೊದಲು, ಆಮೇಲೆ ಎಂಬುದೇ ಇಲ್ಲ. ಆದ್ದರಿಂದಲೇ ಜಿಪಿಯುಗೆ ಆದೇಶ ಕೊಡುವ ವಲ್ಕನ್ ಎಂಬ ವ್ಯವಸ್ಥೆಯ ಚಿತ್ರ ನಕಲು ಆದೇಶದಲ್ಲಿ ಮೂಲ ಮತ್ತು ಗುರಿ ಪ್ರದೇಶಗಳು ಮೆಮೊರಿಯಲ್ಲಿ ಒಂದರ ಮೇಲೊಂದು ಬೀಳುವಂತಿಲ್ಲ. 20 ಸಾಲಿನ ಪಟ್ಟಿಗಳಾಗಿ ಸೀಳಿ, ಕೆಳಗಿನಿಂದ ಒಂದೊಂದಾಗಿ, ನಡುನಡುವೆ ಬ್ಯಾರಿಯರ್ (ಹಿಂದಿನ ಆದೇಶ ಮುಗಿಯುವವರೆಗೆ ಕಾಯಿಸುವ ತಡೆ) ಇಟ್ಟು ಕಳಿಸಿದರೆ 53 ಆದೇಶಗಳಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಸಾಲು ಸರಿಸಬೇಕಾದಾಗ ಅವು 1079 ಆಗುತ್ತವೆ, ಆಗ ಸೋಮಾರಿತನವೆಂದು ಜರೆದ ತಾತ್ಕಾಲಿಕ ಚಿತ್ರವೇ ಲೇಸು.

ಕೊನೆಗೆ ಜಿಪಿಯು ಭಾಗದಲ್ಲಿ ಎರಡು ಚಿತ್ರಗಳನ್ನು ಇಟ್ಟುಕೊಂಡೆ. ಹಿಂದಿನ ಚೌಕಟ್ಟಿನಿಂದ ಓದಿ ಇನ್ನೊಂದಕ್ಕೆ ಬರೆದು, ಹೊಸದಾಗಿ ತೆರೆದ 20 ಸಾಲುಗಳನ್ನಷ್ಟೇ ಚಿತ್ರಿಸುತ್ತೇನೆ. ಸುಮಾರು 83 ಲಕ್ಷ ಬೈಟುಗಳ ಹೆಚ್ಚುವರಿ ಮೆಮೊರಿ ಹೋಯಿತು, ಆದರೆ ನಕಲು ಒಂದೇ ಸಲ, ಒಂದೇ ಆದೇಶದಲ್ಲಿ ಆಗುತ್ತಿದೆ.