ಅಣುವಿದ್ಯುತ್ತಿನ ಬೂದಿ ಎಲ್ಲಿಗೆ ಹೋಗುತ್ತದೆ?

ಕೂಡಗಿಯಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವುದನ್ನು ಹತ್ತಿರದಿಂದ ಕಂಡಿರುವ ನಮ್ಮ ವಿಜಯಪುರ ಜಿಲ್ಲೆಯವರು, ಕೈಗಾ ಅಣುವಿದ್ಯುತ್ ಸ್ಥಾವರದ ಮಾತು ಬಂದಾಗ ‘ಅಲ್ಲಿಯ ಬೂದಿ ಏನಾಗುತ್ತದೆ’ ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ಎರಡೂ ಕಡೆ ಟರ್ಬೈನ್ ತಿರುಗಿಸುವುದು ಹಬೆಯೇ. ಕೈಗಾದಲ್ಲಿ ಶಾಖ ಹುಟ್ಟುವುದು ಯುರೇನಿಯಂ-235ರ ಪರಮಾಣು ಬೀಜವು ನ್ಯೂಟ್ರಾನ್ ತಾಗಿ ಒಡೆದಾಗ. ಆಗ ಚಿಮ್ಮುವ ಎರಡು-ಮೂರು ನ್ಯೂಟ್ರಾನ್‌ಗಳ ವೇಗವನ್ನು ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ತಗ್ಗಿಸುವುದರಿಂದ, ಯುರೇನಿಯಂ-235 ಕೇವಲ ಶೇ 0.7ರಷ್ಟಿರುವ ನೈಸರ್ಗಿಕ ಯುರೇನಿಯಂನಲ್ಲಿಯೂ ಸರಪಳಿ ಕ್ರಿಯೆ ಮುಂದುವರಿಯುತ್ತದೆ.

ಅಲ್ಲಿಯ ಇಂಧನವೆಂದರೆ ಸುಮಾರು ಅರ್ಧ ಮೀಟರ್ ಉದ್ದದ, 19 ಕಡ್ಡಿಗಳ ಕಟ್ಟು. ಹೊಸ ಕಟ್ಟನ್ನು ಕೈಯಲ್ಲಿ ಎತ್ತಬಹುದು; ಬಳಕೆಯಾಗಿ ರಿಯಾಕ್ಟರಿನಿಂದ ಹೊರಬಂದ ಅದೇ ಕಟ್ಟಿನ ಬಳಿ ಯಾರೂ ನಿಲ್ಲುವಂತಿಲ್ಲ. ಅಲ್ಲಿಯ ‘ಬೂದಿ’ ಎಂದರೆ ಇದೇ. ಅದನ್ನು ವರ್ಷಗಟ್ಟಲೆ ಆಳವಾದ ಕೊಳದಲ್ಲಿಡುತ್ತಾರೆ: ನೀರು ಶಾಖವನ್ನು ಹೀರಿ, ವಿಕಿರಣವನ್ನೂ ತಡೆಯುತ್ತದೆ. ಬಳಿಕ, ಭಾರತದ ನೀತಿಯಂತೆ, ಮರುಸಂಸ್ಕರಣೆಯಲ್ಲಿ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸಿ, ಉಳಿದ ತೀವ್ರ ವಿಕಿರಣದ ದ್ರವವನ್ನು ಗಾಜಿನಲ್ಲಿ ಬೆರೆಸಿ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಗಟ್ಟಿಗೊಳಿಸುತ್ತಾರೆ.

ಬೇರ್ಪಡಿಸುವ ಈ ಹಂತವೇ ನನಗೆ ಅತ್ಯಂತ ಮಹತ್ವದ್ದೆನಿಸುತ್ತದೆ. ಉಳಿದ ದ್ರವದಲ್ಲಿರುವ ಸೀಸಿಯಂ-137ರ ಅರ್ಧಾಯುಷ್ಯ (ಅದರ ಅರ್ಧ ಪಾಲು ಕ್ಷಯಿಸಲು ಬೇಕಾದ ಕಾಲ) ಸುಮಾರು 30 ವರ್ಷವಾದರೆ, ಬೇರ್ಪಡಿಸಿ ತೆಗೆಯುವ ಪ್ಲುಟೋನಿಯಂ-239ರದು ಸುಮಾರು 24,000 ವರ್ಷ. ಆಳದ ಬಂಡೆಯೊಳಗಿನ ಶಾಶ್ವತ ಭಂಡಾರ ನಮ್ಮ ದೇಶದಲ್ಲಿ ಇನ್ನೂ ಆಗಿಲ್ಲ. ಗಾಜಿನ ಡಬ್ಬಿಗಳನ್ನು ಸದ್ಯ ಗಾಳಿಯಿಂದ ತಣಿಸುವ ದಾಸ್ತಾನುಗಳಲ್ಲಿ ನಿಗಾ ಇಟ್ಟು ಕಾಯಲಾಗುತ್ತಿದೆ.